ಎಳ್ಳಮಾಸಿ ರಾತ್ರಿಯ ಊಟದ ದೃಶ್ಯ: ಒಂಬತ್ತು ಮಂದಿ, ಒಂದು ಪಡಸಾಲೆ, ಇಪ್ಪತ್ತೆಂಟು ನಿಮಿಷದ ಜಗಳ

ಪಡಸಾಲೆ ತಂಡ, ಕಲಬುರಗಿ

ರಂಗಾಸಕ್ತರಿಗೆಲ್ಲ ಶರಣು. ಮೇ ತಿಂಗಳಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಹೊಸ ನಾಟಕ ಇಟ್ಟುಕೊಂಡಿದ್ದೇವೆ. ಬರವಣಿಗೆ ತಂಡದ್ದೇ. ಕತೆ ಇಷ್ಟು: ಅಪ್ಪ ತೀರಿ ಎಂಟು ತಿಂಗಳು. ಚಿತ್ತಾಪುರ ಕಡೆಯ ಹಳ್ಳಿಯೊಂದರ ಹಳೆ ವಾಡೆಗೆ (ದೊಡ್ಡ ಕಲ್ಲಿನ ಮನೆಗೆ) ಎಳ್ಳ ಅಮಾವಾಸ್ಯೆ ನೆಪದಲ್ಲಿ ಮನೆತನವೆಲ್ಲ ಬಂದು ಸೇರುತ್ತದೆ. ಹಗಲು ಹೊಲಕ್ಕೆ ಹೋಗಿ ಚರಗ (ಭೂತಾಯಿಗೆ ಎರಚುವ ನೈವೇದ್ಯ) ಚೆಲ್ಲಿ ಬರುತ್ತಾರೆ, ರಾತ್ರಿ ಊಟಕ್ಕೆ ಕೂತಾಗ ಆಸ್ತಿಯ ಮಾತು ಏಳುತ್ತದೆ.

ಪಾತ್ರಗಳು ಒಂಬತ್ತು: ಆಯಿ (ತೀರಿದವನ ತಾಯಿ), ಅವ್ವ, ಹಿರಿಮಗ, ವೈನಿ (ಹಿರಿಮಗನ ಹೆಂಡತಿ), ಪುಣೆಯಲ್ಲಿರುವ ನಡುವಿನ ಮಗ, ಅವನ ಹೆಂಡತಿ, ಕೊಟ್ಟ ಮನೆಯಿಂದ ಬಂದ ಮಗಳು, ಹೊಲ ನೋಡಿಕೊಳ್ಳುವ ಸಣ್ಣ ಮಗ, ಹಿರಿಮಗನ ಕಾಲೇಜು ಓದುವ ಮಗಳು.

ಎರಡನೇ ಅಂಕದ ಊಟದ ದೃಶ್ಯವೇ ತೊಡಕು. ಎಲ್ಲರೂ ನೆಲದ ಮೇಲೆ ಕೂತಿದ್ದಾರೆ, ಹಿಂದಿನ ಸಾಲಿಗೆ ಮುಖ ಕಾಣುವುದಿಲ್ಲ, ಬಾಯಲ್ಲಿ ತುತ್ತು ಇದ್ದಾಗ ಮಾತು ತೊದಲುತ್ತದೆ, ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಪ್ರೇಕ್ಷಕ ಯಾರನ್ನು ನೋಡಬೇಕೆಂದು ತಿಳಿಯುವುದಿಲ್ಲ. ಕೊನೆಗೆ ಅಣ್ಣ ತಮ್ಮನ ಕಪಾಳಕ್ಕೆ ಹೊಡೆಯುತ್ತಾನೆ, ತಾಟು ಹಾರುತ್ತದೆ. ತಿಳಿದವರು ದಾರಿ ತೋರಿಸಬೇಕು.

ಸೂತ್ರ, ಯಾದಗಿರಿ

ಮೊದಲು ಒಂಬತ್ತು ಮಂದಿಯನ್ನೂ ಒಮ್ಮೆಲೆ ಕೂರಿಸುವುದನ್ನು ಬಿಡಿ. ನಮ್ಮ ಕಡೆ ಇಂಥ ಮನೆಯಲ್ಲಿ ಮೊದಲ ಪಂಕ್ತಿ ಗಂಡಸರದು ಮತ್ತು ಮನೆಗೆ ಬಂದವರದು. ವೈನಿ ಬಡಿಸುತ್ತಾಳೆ, ಅವ್ವ ಒಲೆಯ ಬಾಗಿಲಲ್ಲಿರುತ್ತಾಳೆ, ಮೊಮ್ಮಗಳು ನೀರಿನ ತಂಬಿಗೆ ಹಿಡಿದಿರುತ್ತಾಳೆ. ಆಯಿಯ ತಾಟು ಬೇರೆ, ಕಟ್ಟೆಯ ಮೇಲೆ. ಈಗ ಪಂಕ್ತಿಯಲ್ಲಿ ಉಳಿಯುವವರು ಮೂವರು ಗಂಡುಮಕ್ಕಳು ಮತ್ತು ಮನೆಮಗಳು. ಪುಣೆಯ ಸೊಸೆ ಬಂದು ಗಂಡನ ಪಕ್ಕ ಕೂತುಬಿಡಲಿ. ಯಾರೂ ಏನೂ ಅನ್ನಬೇಕಾಗಿಲ್ಲ. ವೈನಿ ಸೌಟು ಹಿಡಿದು ಎರಡು ಎಣಿಕೆ ನಿಂತರೆ ಮನೆಯ ಅರ್ಧ ಇತಿಹಾಸ ಪ್ರೇಕ್ಷಕನಿಗೆ ತಲುಪುತ್ತದೆ.

ಇಂಥ ನಾಟಕದಲ್ಲಿ ಜಗಳವನ್ನು ಮಾತು ಕಟ್ಟುವುದಿಲ್ಲ, ಬಡಿಸುವ ಕ್ರಮ ಕಟ್ಟುತ್ತದೆ. ಯಾರ ತಾಟಿಗೆ ಮೊದಲು ಬಿತ್ತು, ಯಾರಿಗೆ ಎರಡನೇ ಸಲ ಕೇಳಲಿಲ್ಲ, ಯಾರು ಸಾಕೆಂದು ಕೈ ಅಡ್ಡ ಹಿಡಿದರು ಎಂಬುದೇ ನಿಮ್ಮ ದೃಶ್ಯ. ಒಂದು ದೊಡ್ಡ ಕಾಗದದಲ್ಲಿ ಐದು ಕಾಲಂ ಹಾಕಿ: ನಿಮಿಷ, ಬಡಿಸುವವರು, ಪದಾರ್ಥ, ಯಾರ ತಾಟು, ಯಾರ ಯಾವ ಮಾತಿನ ಮೇಲೆ. ಇಪ್ಪತ್ತೆಂಟು ನಿಮಿಷಕ್ಕೆ ಹನ್ನೆರಡು ಬಡಿಸುವಿಕೆ ಸಾಕು. ಅದಕ್ಕಿಂತ ಹೆಚ್ಚಾದರೆ ವೈನಿ ಓಡಾಡುತ್ತಲೇ ಇರುತ್ತಾಳೆ, ಕಮ್ಮಿಯಾದರೆ ಅವಳು ಕಂಬಕ್ಕೆ ಒರಗಿ ನಿಂತ ಸುಮ್ಮನೆಯ ಪಾತ್ರವಾಗುತ್ತಾಳೆ.

ಬಡಿಸುವವರು ನಿಂತಿರುವುದರಿಂದ ಇನ್ನೊಂದು ಲಾಭ. ಜಗಳ ಏರಿದಾಗ ವೈನಿ ಇಬ್ಬರ ನಡುವೆ ಬಗ್ಗಿ ಭಜ್ಜಿ (ಸೊಪ್ಪು, ಕಾಳಿನ ಗಟ್ಟಿ ಪಲ್ಯ) ಹಾಕಿದರೆ ಅವರ ಕಣ್ಣು ಕಣ್ಣು ತಪ್ಪುತ್ತದೆ, ಮಾತು ಅಲ್ಲೇ ತುಂಡಾಗುತ್ತದೆ. ಆ ತುಂಡಾದ ಮಾತನ್ನು ಮುಂದೆ ಯಾರು ಎತ್ತಿಕೊಳ್ಳುತ್ತಾರೆ ಎಂಬುದನ್ನು ಬರಹದಲ್ಲೇ ನಿರ್ಧರಿಸಿ.

ರಂಗಸಜ್ಜು, ಶಹಾಬಾದ

ಕಾಣಿಸದಿರುವ ಸಮಸ್ಯೆಗೆ ಉತ್ತರ ವಾಡೆಯ ರಚನೆಯಲ್ಲೇ ಇದೆ. ಹಳೆ ವಾಡೆಯ ಪಡಸಾಲೆ ಅಂಗಳಕ್ಕಿಂತ ಎತ್ತರ ಇರುತ್ತದೆ, ಅದರ ಮೇಲೆ ಕಟ್ಟೆ. ಮೂರು ಎತ್ತರ ಮಾಡಿಕೊಳ್ಳಿ: ಮುಂದಿನ ಅಂಗಳ ರಂಗದ ನೆಲ, ಪಡಸಾಲೆ 9 ಇಂಚು, ಆಯಿಯ ಕಟ್ಟೆ 18 ಇಂಚು. ಪಂಕ್ತಿಯನ್ನು ಸಾಲಾಗಿ ಹಾಕಬೇಡಿ, ಪ್ರೇಕ್ಷಕರ ಕಡೆ ಬಾಯಿ ತೆರೆದ ಲಾಳದ ಆಕಾರದಲ್ಲಿ ಹಾಕಿ. ಪ್ರೇಕ್ಷಕರಿಗೆ ಹತ್ತಿರ ಕೂರುವ ಇಬ್ಬರು ತುದಿಗಳಲ್ಲಿ ಓರೆಯಾಗಿ ಕೂರಲಿ. ರಂಗದ ಎತ್ತರ ಮೂರೂವರೆ ಅಡಿ ಇದ್ದರೆ ಮೊದಲ ಸಾಲಿನವರ ಕಣ್ಣು ಹೆಚ್ಚು ಕಡಿಮೆ ರಂಗದ ನೆಲಕ್ಕೆ ಸಮ. ಅವರಿಗೆ ತಾಟಿನೊಳಗಿನದು ಏನೂ ಕಾಣದು. ಹಿಂದಿನವರಿಗೆ ಎಲ್ಲ ಕಾಣುತ್ತದೆ. ಹಾಗಾಗಿ ತಾಟಿನೊಳಗೆ ನಡೆಯುವುದು ಯಾವುದೂ ಕತೆಗೆ ಆಧಾರ ಆಗಬಾರದು, ಕೈ ಎತ್ತಿ ತೋರಿಸುವ ಕೆಲಸ ಮಾತ್ರ ಲೆಕ್ಕಕ್ಕೆ.

ಶಹಾಬಾದ ಫರಸಿ ನಿಜವಾದದ್ದೇ ತರೋಣ ಎಂದು ಯಾರಾದರೂ ಉತ್ಸಾಹ ತೋರಿಸಿದರೆ ತಡೆಯಿರಿ. ಎರಡು ಅಡಿ ಚೌಕದ, ಒಂದು ಇಂಚು ದಪ್ಪದ ಒಂದೇ ಕಲ್ಲು ಸುಮಾರು 25 ಕಿಲೋ ಇರುತ್ತದೆ. ನಲವತ್ತು ಕಲ್ಲಿಗೆ ಒಂದು ಟನ್. ಮರದ ಲೆವೆಲ್ (ಎತ್ತರದ ಹಲಗೆ ಮಂಚ) ಅದನ್ನು ತಡೆಯುವುದಿಲ್ಲ, ಹೆಜ್ಜೆ ಸಪ್ಪಳವೂ ಜಾಸ್ತಿ. 8 ಅಡಿ, 4 ಅಡಿಯ ಪ್ಲೈವುಡ್ ಹಾಳೆಯ ಮೇಲೆ ಮ್ಯಾಟ್ ಬಣ್ಣದಲ್ಲಿ ನೀಲಿ ಬೂದು ಬಳಿದು, ಒದ್ದೆ ಸ್ಪಂಜಿನಿಂದ ತಿಳಿ ಬೂದು ತಟ್ಟಿ, ಸಂದುಗಳನ್ನು ಕಡು ಬಣ್ಣದಲ್ಲಿ ಗೆರೆ ಎಳೆಯಿರಿ. ಹೊಳೆಯುವ ಎನಾಮೆಲ್ ಬೇಡವೇ ಬೇಡ, ಬೆಳಕು ಬಿದ್ದರೆ ನೆಲವೇ ಮುಂದೆ ಬರುತ್ತದೆ.

ಬಾಗಿಲ ವಿಷಯ ಮುಖ್ಯ. ಸಿಟ್ಟಿನಿಂದ ಬಾಗಿಲು ಬಡಿಯುವ ನಾಟಕದಲ್ಲಿ ಚೌಕಟ್ಟನ್ನು ಗೋಡೆಯ ಫ್ಲಾಟಿಗೆ (ಬಟ್ಟೆ ಬಿಗಿದ ಮರದ ಚೌಕಕ್ಕೆ) ಹೊಡೆದರೆ ಗೋಡೆಯೇ ಅಲುಗುತ್ತದೆ, ಕಲ್ಲಿನ ವಾಡೆ ಬಟ್ಟೆಯ ವಾಡೆ ಆಗಿಬಿಡುತ್ತದೆ. ಚೌಕಟ್ಟು ತನ್ನ ಕಾಲ ಮೇಲೆ ತಾನು ನಿಲ್ಲಬೇಕು: ಹಿಂದೆ ಎರಡು ಓರೆ ಆಸರೆ, ಒಂದೊಂದರ ಬುಡಕ್ಕೆ 25 ಕಿಲೋ ಮರಳು ಚೀಲ, ಫ್ಲಾಟಿಗೂ ಚೌಕಟ್ಟಿಗೂ ನಡುವೆ ಅರ್ಧ ಇಂಚು ಸಂದು, ಆ ಸಂದಿಗೆ ಮುಂದಿನಿಂದ ಬರೀ ಬಟ್ಟೆ ಪಟ್ಟಿ. ಎತ್ತರ ಐದೂವರೆ ಅಡಿ ಇಟ್ಟರೆ ಹಳೆ ವಾಡೆಯಂತೆ ಎಲ್ಲರೂ ತಲೆ ಬಗ್ಗಿಸಿ ಬರಬೇಕಾಗುತ್ತದೆ. ಪುಣೆಯಿಂದ ಬಂದವನಿಗೆ ಆ ರೂಢಿ ತಪ್ಪಿದೆ ಎಂಬುದನ್ನು ಮೊದಲ ಪ್ರವೇಶದಲ್ಲೇ ತೋರಿಸಬಹುದು.

ಪ್ರಾಪರ್ಟಿ ಪೆಟ್ಟಿಗೆ

ಅಡುಗಿ ಬಗ್ಗೆ ನಾ ಹೇಳ್ತೀನ್ರಿ. ಎಳ್ಳಮಾಸಿ ಅಂದಮ್ಯಾಲ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಸೇಂಗಾ ಹೋಳಿಗಿ ಬರಲೇಬೇಕು. ಆದ್ರ ರಂಗದ ಮ್ಯಾಲ ಅವೇ ತಿಂದ್ರ ಮಾತು ಕೆಡ್ತದ. ಕಟಕ ರೊಟ್ಟಿ ಮುರಿದ್ರ ಸಪ್ಪಳ, ಪುಡಿ ಗಂಟಲಿಗಿ ಹೋದ್ರ ಕೆಮ್ಮು. ಸೇಂಗಾ ಹೋಳಿಗಿ ಬಾಯಾಗ ಅಂಟ್ತದ, ಒಂದು ತುತ್ತು ನುಂಗಾಕ ಭಾಳ ಹೊತ್ತು ಬೇಕು. ಸೇಂಗಾ ಆಗಿಬರದವರು ತಂಡದಾಗ ಇದ್ದಾರೇನು ಅಂತ ಮೊದಲೇ ಕೇಳ್ರಿ.

ಹಿಂಗ ಮಾಡ್ರಿ. ಮೆತ್ತನ ರೊಟ್ಟಿ, ತಾಟಿಗಿ ಒಂದು, ಮೊದಲೇ ಆರು ತುಂಡು ಮಾಡಿಟ್ಟದ್ದು. ಹೋಳಿಗಿ ಬದಲಿ ಬೆಲ್ಲದ ನೀರು ಸವರಿ ಮಡಚಿದ ಚಪಾತಿ. ಭಜ್ಜಿ ಮಾತ್ರ ಖರೇದ್ದೇ ಇರಲಿ, ವಾಸನಿ ಮುಂದಿನ ಸಾಲಿಗಿ ಹೋಗಬೇಕು. ಮೆಂತ್ಯ, ಪಾಲಕ, ಹಸಿ ತೊಗರಿ, ಬಟಾಣಿ, ಕಡ್ಲಿ ಎಲ್ಲಾ ಮೆತ್ತಗ ಕುದಿಸಿ, ಹುಣಸಿ ಹುಳಿ ಹಾಕಿ, ಕಡ್ಲಿ ಹಿಟ್ಟಿಲೆ ಗಟ್ಟಿ ಮಾಡ್ರಿ. ಮೇ ತಿಂಗಳದಾಗ ಹಸಿ ತೊಗರಿ ಸಿಗಂಗಿಲ್ಲ, ಒಣ ಕಾಳು ನೆನಿಸಿ ಹಾಕ್ರಿ. ಖಾರ ಬ್ಯಾಡ, ಅರಿಷಿಣ ಬ್ಯಾಡ. ಖಾರಕ್ಕ ಮೂಗು ಸೋರ್ತದ, ಅರಿಷಿಣದ ಕಲಿ ಸೀರಿ ಬಿಡಂಗಿಲ್ಲ. ಒಂದು ಸಲಕ್ಕ 40 ಗ್ರಾಂ, ಅಂದ್ರ ಅರ್ಧ ಸೌಟು. ಹನ್ನೆರಡು ಸಲಕ್ಕ ಅರ್ಧ ಕಿಲೋ ಬರ್ತದ, ಚೆಲ್ಲೋದಕ್ಕ ಸೇರಿಸಿ ಒಂದು ಕಿಲೋ ಮಾಡ್ರಿ. ದೊಡ್ಡ ಬೋಗುಣಿ ತಳಕ್ಕ ಒಂದು ಬಟ್ಟಲ ಬೋರಲ ಹಾಕಿದ್ರ ಅಷ್ಟರಾಗೇ ತುಂಬಿದಂಗ ಕಾಣ್ತದ.

ಹೊತ್ತಿನ ಕಡಿ ಲಕ್ಷ್ಯ ಇರಲಿ. ನಾಟಕ ಆರೂವರಿಗಿ ಶುರುವಾದ್ರ ಎರಡನೇ ಅಂಕ ಏಳೂವರಿ ಸುಮಾರು. ಮುಂಜಾನಿ ಮಾಡಿಟ್ಟದ್ದು ತರಬ್ಯಾಡ್ರಿ. ಸಂಜಿ ಆರರ ಮ್ಯಾಲ ಇಳಿಸಿದ್ದು, ಬಿಸಿ ಡಬ್ಬಿದಾಗ ಮುಚ್ಚಿ ತರಬೇಕು. ಕಲಬುರಗಿ ಮೇ ಸೆಕಿಗಿ ಹೊರಗ ಇಟ್ಟ ಅಡುಗಿ ಒಂದು ತಾಸು ದಾಟಿದ್ರ ನಂಬಬಾರದು.

ತುತ್ತಿನ ಲೆಕ್ಕ ನಾಟಕದ ಪ್ರತಿಯೊಳಗೇ ಬರೀರಿ. ಒಬ್ಬೊಬ್ಬರಿಗಿ ಆರು ತುತ್ತು, ಅಷ್ಟೇ. ತನ್ನ ಮಾತು ಮುಗಿದ ಕೂಡಲೇ ತುತ್ತು, ಮುಂದಿನ ಮಾತಿಗಿ ಮೊದಲು ನುಂಗಿರಬೇಕು. ನಡುವಿನ ಹೊತ್ತು ಬೆರಳಿಲೆ ಕಲಸೋದು, ರೊಟ್ಟಿ ಮುರಿಯೋದು ಸಾಕು.

ದನಿ, ಆಳಂದ

ಪ್ರಾಪರ್ಟಿ ಪೆಟ್ಟಿಗೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಸ್ಟೀಲ್ ತಾಟು ಬಳಸುತ್ತೀರಾದರೆ ಜಮಖಾನದ ಕೆಳಗೆ ಕಂಬಳಿ ಹಾಸಲೇಬೇಕು. ರಂಗದ ಅಂಚಿನಲ್ಲಿ ನೆಲದ ಮೈಕ್ ಇಟ್ಟರೆ ಅದು ನಟರ ದನಿಗಿಂತ ಮೊದಲು ತಾಟಿನ ಸಪ್ಪಳ ಎತ್ತಿಕೊಳ್ಳುತ್ತದೆ. ಆ ಮೈಕು ಲಾಳದ ತುದಿಗಳಿಂದ ಕನಿಷ್ಠ ಆರು ಅಡಿ ದೂರ ಇರಲಿ. ಕಾಲರ್ ಮೈಕ್ ಈ ದೃಶ್ಯಕ್ಕೆ ಆಗದು, ಸೆರಗು ಜಾರಿಸಿ ಬಗ್ಗಿ ಬಡಿಸುವವರಿಗೆ ಅದು ಸಿಕ್ಕಿದಲ್ಲೆಲ್ಲ ಉಜ್ಜುತ್ತದೆ.

ಒಟ್ಟಿಗೆ ಮಾತಾಡುವುದಕ್ಕೆ ಪ್ರತಿಯಲ್ಲಿ ಗುರುತು ಬೇಕು. ಒಬ್ಬನ ಸಾಲಿನಲ್ಲಿ ಎಲ್ಲಿ ಓರೆಗೆರೆ (/) ಇದೆಯೋ ಅಲ್ಲಿಂದ ಇನ್ನೊಬ್ಬ ಶುರು ಮಾಡಬೇಕು. ಹಾಗೆ ಬೀಳುವ ಪ್ರತಿ ಜಾಗದಲ್ಲೂ ಯಾವ ಸಾಲು ಕೇಳಲೇಬೇಕು ಎಂಬುದಕ್ಕೆ ಅಡಿಗೆರೆ ಹಾಕಿ. ಅದನ್ನು ಹೇಳುವವನು ಮುಖ ಎತ್ತಿ ಮಾತಾಡಲಿ, ಉಳಿದವರು ತಾಟು ನೋಡುತ್ತ ತಗ್ಗಿದ ದನಿಯಲ್ಲಿ ಹೇಳಲಿ. ತಗ್ಗಿದ ದನಿ ಎಂದರೆ ಸಣ್ಣ ದನಿ ಎಂದಲ್ಲ, ಕೆಳಗಿನ ಸ್ವರ. ಎಲ್ಲರೂ ಮೇಲಿನ ಸ್ವರದಲ್ಲೇ ಕಿರುಚಿದರೆ ಏನೂ ಕಿವಿಗೆ ಹತ್ತುವುದಿಲ್ಲ.

ಒಟ್ಟಿಗೆ ಬೀಳುವ ಮಾತು ಇಪ್ಪತ್ತು ಸೆಕೆಂಡು ದಾಟಬಾರದು. ತಾಲೀಮಿನಲ್ಲಿ ಮೊದಲು ಊಟವಿಲ್ಲದೆ ಮಾತು ಮಾತ್ರ, ಆಮೇಲೆ ಮಾತಿಲ್ಲದೆ ಊಟ ಬಡಿಸುವಿಕೆ ಮಾತ್ರ, ಕೊನೆಗೆ ಎರಡೂ ಸೇರಿಸಿ. ಎರಡನೆಯದನ್ನು ಬಹಳ ತಂಡಗಳು ಮಾಡುವುದಿಲ್ಲ. ಮಾತಿಲ್ಲದೆ ನೋಡಿದಾಗಲೂ ಯಾರಿಗೆ ಯಾರ ಮೇಲೆ ಸಿಟ್ಟಿದೆ ಎಂದು ತಿಳಿದರೆ ದೃಶ್ಯ ಕೂತಂತೆ.

ಭಾಷೆ ಬಗ್ಗೆ: ಸಣ್ಣ ಮಗ "ಬರ್ಲತ್ತಾನ" ಅಂದ ಮೇಲೆ ಇನ್ನೊಂದು ಕಡೆ ಧಾರವಾಡದ "ಬರಾಕತ್ತಾನ" ಅನ್ನಬಾರದು. ನಟರು ಬೇರೆ ಬೇರೆ ಊರಿನವರಾದರೆ ಒಬ್ಬರು ಪ್ರತಿ ಹಿಡಿದು ಇದಕ್ಕೆಂದೇ ಕೂರಲಿ.

ಬೆಳಕಿನ ಕೈ, ಬೀದರ

ನಿಮ್ಮ ರಾತ್ರಿ ಅಮಾವಾಸ್ಯೆಯದು. ರಾತ್ರಿ ಎಂದ ಕೂಡಲೇ ನೀಲಿ ಹಾಳೆ ಹಾಕಿ ಬೆಳದಿಂಗಳು ಸುರಿಸುವುದು ಎಲ್ಲ ಕಡೆ ನಡೆಯುತ್ತದೆ, ಇಲ್ಲಿ ಅದು ಶುದ್ಧ ತಪ್ಪು. ವಾಡೆಯ ಹೊರಗೆ ಕತ್ತಲೇ ಇರಬೇಕು. ಮಾರ್ಗಶಿರದ ಕೊನೆ ಎಂದರೆ ಡಿಸೆಂಬರ್ ಅಥವಾ ಜನವರಿ, ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಹೊಲದಿಂದ ಬರುವ ದೃಶ್ಯ ಕೇಸರಿಯಲ್ಲಿ ಶುರುವಾಗಿ ಐದಾರು ನಿಮಿಷದಲ್ಲಿ ಇಳಿದುಬಿಡಲಿ. ಊಟದ ದೃಶ್ಯಕ್ಕೆ ಪಡಸಾಲೆಯ ಒಂದೇ ಬಲ್ಬಿನ ಹಳದಿ. ಅದರ ಅಂಚಿನಾಚೆ ಯಾರು ಎದ್ದು ಹೋದರೂ ಕತ್ತಲಿಗೆ ಹೋದಂತೆ ಕಾಣುತ್ತದೆ, ನಿಮಗೆ ಅದೇ ಬೇಕಿರುವುದು.

ನೆಲದ ಮೇಲೆ ಕೂತವರಿಗೆ ಮೇಲಿಂದ ಕಡಿದಾದ ಬೆಳಕು ಬಿದ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ತಲೆ ತಗ್ಗಿಸಿ ಊಟ ಮಾಡುವಾಗ ಮುಖವೇ ಇರುವುದಿಲ್ಲ. ಮುಂದಿನ ದೀಪಗಳನ್ನು 35 ರಿಂದ 40 ಡಿಗ್ರಿಗೆ ಇಳಿಸಿ, ಎರಡೂ ಪಕ್ಕದಿಂದ ಕೊಡಿ. ಹೊಸ ಸ್ಟೀಲ್ ತಾಟು ನೇರ ಕಣ್ಣಿಗೆ ಹೊಡೆಯುತ್ತದೆ. ಬಳಸಿ ಮಂಕಾದ ತಾಟು ತನ್ನಿ.

ಲೋಡ್ ಲೆಕ್ಕ ಮೊದಲೇ ಮಾಡಿ. 1000 ವ್ಯಾಟಿನ ಒಂದು ಪಾರ್ ದೀಪ 230 ವೋಲ್ಟಿಗೆ 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ಮೂರು, ನಾಲ್ಕನೆಯದು ಬೇಡ. ಹತ್ತು ದೀಪ ಇದ್ದರೆ ಮೂರು ಫೇಸಿಗೆ 4, 3, 3 ಎಂದು ಹಂಚಿ, ಒಂದರ ಮೇಲೆ ಸುಮಾರು 17.4, ಉಳಿದೆರಡರ ಮೇಲೆ ಸುಮಾರು 13 ಆಂಪಿಯರ್ ಬೀಳುತ್ತದೆ; ನಾಲ್ಕು ಬೀಳುವ ಫೇಸಿನಲ್ಲಿ ಎರಡು ಸಾಕೆಟ್ ಬಳಸಿ.

ಪ್ರತಿಯಲ್ಲಿ ಕರೆಂಟ್ ಹೋಗುವ ಸನ್ನಿವೇಶ ಇದೆಯೇ? ಇದ್ದರೆ ಸಭಾಂಗಣದ್ದೇ ಕರೆಂಟ್ ಹೋಯಿತೆಂದು ಜನ ಮೊಬೈಲ್ ಟಾರ್ಚ್ ಹಚ್ಚುತ್ತಾರೆ. ಕತ್ತಲಾದ ಎರಡು ಸೆಕೆಂಡಿನೊಳಗೆ ರಂಗದಿಂದ ಮಾತು ಬರಬೇಕು, ಹಿನ್ನೆಲೆಯ ಹುಳದ ದನಿ ನಿಲ್ಲಬಾರದು. ಕಂದೀಲಿನಲ್ಲಿ ಸೀಮೆಎಣ್ಣೆ ಬೇಡ, ಬಟ್ಟೆಯ ಪರದೆ ಇರುವ ಜಾಗ. ಬ್ಯಾಟರಿಯ 3 ವ್ಯಾಟ್ ಹಳದಿ ಎಲ್ಇಡಿ ಇಟ್ಟು, ಕಂದೀಲು ಬರುವ ದಿಕ್ಕಿನಿಂದಲೇ ಒಂದು ತಗ್ಗಿನ ದೀಪವನ್ನು 20-25 ಪ್ರತಿಶತಕ್ಕೆ ಜೊತೆಯಲ್ಲಿ ಏರಿಸಿ.

ಪಡಸಾಲೆ ತಂಡ, ಕಲಬುರಗಿ

ಎಲ್ಲರಿಗೂ ಋಣಿ. ಕರೆಂಟ್ ಹೋಗುವ ಸನ್ನಿವೇಶ ಇದೆ. ಈಗ ಎರಡು ಪ್ರಶ್ನೆ. ಒಂದು, ಕಪಾಳಮೋಕ್ಷ. ಎರಡು, ನಮ್ಮ ಪ್ರತಿಯಲ್ಲಿ ಊಟದ ನಡುವೆ ಅಣ್ಣ ಛಾಪಾ ಕಾಗದ ತೆಗೆದು ತಂಗಿಯ ಸಹಿ ಕೇಳುತ್ತಾನೆ, ಅವಳು ಅಳುತ್ತ ಸಹಿ ಮಾಡುತ್ತಾಳೆ, ಅಲ್ಲಿಗೆ ಅವಳ ಪಾಲು ಹೋಯಿತು. ಇದು ನಂಬುವಂತಿದೆಯೇ?

ಕಾಯ್ದೆ ಬಲ್ಲವ

ಎರಡನೆಯದಕ್ಕೆ ಉತ್ತರ: ನಂಬುವಂತಿಲ್ಲ, ಮತ್ತು ನಿಜ ಸಂಗತಿ ನಿಮ್ಮ ನಾಟಕಕ್ಕೆ ಹೆಚ್ಚು ಅನುಕೂಲ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ. ಪಿತ್ರಾರ್ಜಿತದಲ್ಲಿ ಮಗಳು ಮಗನಷ್ಟೇ ಹುಟ್ಟಿನಿಂದ ಪಾಲುದಾರಳು, ಮದುವೆ ಆಗಿದ್ದರೂ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಸ್ಥಿರಾಸ್ತಿಯ ಹಕ್ಕು ಬಿಡಲು ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಅಂದರೆ ತಂಗಿ ಉಪನೋಂದಣಾಧಿಕಾರಿ ಕಚೇರಿಗೆ ಬಂದು ಫೋಟೊ, ಹೆಬ್ಬೆಟ್ಟು ಕೊಡಬೇಕು. ಊಟದ ತಾಟಿನ ಪಕ್ಕದ ಸಹಿಯಿಂದ ಏನೂ ಮುಗಿಯುವುದಿಲ್ಲ. ಹಾಗಾಗಿ ಅಣ್ಣನಿಗೆ ಬೇಕಿರುವುದು ಸಹಿ ಅಲ್ಲ, ಕಚೇರಿ ತೆರೆಯುವ ದಿನದವರೆಗೆ ಅವಳು ಒಲಿದೇ ಇರುವುದು. ಅವನು ಅವಳ ತಾಟಿಗೆ ತಾನೇ ತುಪ್ಪ ಹಾಕಬೇಕಾದವನು. ಈ ಒತ್ತಡ ಅಳುವಿಗಿಂತ ದೊಡ್ಡದು.

ಛಾಪಾ ಕಾಗದದ ಬದಲು ವಂಶವೃಕ್ಷ ತನ್ನಿ. ಪೌತಿ ಖಾತೆಗೆ (ತೀರಿದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕುವಾಗ ನಾಡಕಚೇರಿಯಿಂದ ತೆಗೆಸುವ ಪತ್ರ ಅದು, ಮನೆಯವರ ಹೆಸರೆಲ್ಲ ಇರಬೇಕು. ಹೆಣ್ಣುಮಕ್ಕಳ ಹೆಸರು ಕೈಬಿಟ್ಟು ಕೊಡುವುದು ಇಂಥ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಕಾಣುವ ಮೋಸ. ಮೊಮ್ಮಗಳು ಅದನ್ನು ಜೋರಾಗಿ ಓದಲಿ, ಅತ್ತಿಯ ಹೆಸರು ಬರದೇ ಮುಗಿಯಲಿ.

ಇನ್ನೊಂದು. ಆಸ್ತಿ ಅಪ್ಪನ ಸ್ವಯಾರ್ಜಿತ, ಮೃತ್ಯುಪತ್ರ ಇಲ್ಲ ಎಂದಾದರೆ ಪಾಲು ಎಷ್ಟು ಗೊತ್ತೇ? ಮೂರು ಗಂಡು, ಒಂದು ಹೆಣ್ಣು, ಹೆಂಡತಿ, ಮತ್ತು ತಾಯಿ. ಒಟ್ಟು ಆರು ಸಮಪಾಲು. 24 ಎಕರೆ ಇದ್ದರೆ ಆಯಿಗೂ ನಾಲ್ಕು ಎಕರೆ. ನಿಮ್ಮ ಪಾತ್ರಗಳೆಲ್ಲ ಮೂರಕ್ಕೋ ನಾಲ್ಕಕ್ಕೋ ಭಾಗಿಸುತ್ತಿದ್ದಾರೆ, ಕಟ್ಟೆಯ ಮೇಲೆ ಕೂತ ಮುದುಕಿಯನ್ನು ಯಾರೂ ಎಣಿಸಿಲ್ಲ.

ಸೂತ್ರ, ಯಾದಗಿರಿ

ಇದನ್ನು ಬಿಡಬೇಡಿ. ಕಾಗದದಲ್ಲಿ ಹೆಸರು ಬಿಟ್ಟುಹೋದವಳ ತಾಟಿಗೆ ಬಡಿಸುವ ಸರದಿಯೂ ಒಮ್ಮೆ ತಪ್ಪಿರಲಿ, ಓದುವುದಕ್ಕೆ ಏಳೆಂಟು ನಿಮಿಷ ಮೊದಲು. ಆಗ ಯಾರೂ ಗಮನಿಸಿರುವುದಿಲ್ಲ. ವೈನಿ ಇಡೀ ದೃಶ್ಯದಲ್ಲಿ ಮಾತಾಡದೆ 22ನೇ ನಿಮಿಷಕ್ಕೆ ಆಯಿಯ ಲೆಕ್ಕ ಹೇಳುವುದು ಸರಿಹೊಂದುತ್ತದೆ, ಯಾಕೆಂದರೆ ಆರು ತಾಟಿಗೂ ಬಡಿಸಿದವಳು ಅವಳೊಬ್ಬಳೇ.

ಹಳೆ ಟ್ರಂಕು

ವಾಡೆಯ ಕಾಗದಪತ್ರ ತೋರಿಸುವುದಾದರೆ ಒಂದು ಎಚ್ಚರಿಕೆ. ಈ ಭಾಗ 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹಳೆ ಜಮೀನು ದಾಖಲೆಗಳು ಉರ್ದುವಿನಲ್ಲಿವೆ. ಟ್ರಂಕಿನಿಂದ ಮುತ್ಯಾನ ಕಾಲದ ಕಾಗದ ತೆಗೆದಾಗ ಮೂವರು ಮಕ್ಕಳಿಗೂ ಓದಲು ಬರುವುದಿಲ್ಲ ಎಂಬುದು ಸಹಜವಾದ ಸನ್ನಿವೇಶ. ಆದರೆ ಪ್ರಾಪರ್ಟಿಗೆ (ರಂಗದ ಸಾಮಾನಿಗೆ) ಏನೋ ಗೀಚಿ ತರಬೇಡಿ. ಕಲಬುರಗಿ, ಬೀದರಿನ ಸಭಾಂಗಣದಲ್ಲಿ ಉರ್ದು ಓದುವವರು ಮುಂದಿನ ಸಾಲಲ್ಲೇ ಇರುತ್ತಾರೆ. ಬಲ್ಲವರಿಂದ ಬರೆಸಿ, ಚಹಾದ ನೀರಲ್ಲಿ ಅದ್ದಿ ಒಣಗಿಸಿ, ಮಡಿಕೆಯ ಗೆರೆಗಳಲ್ಲಿ ಸವೆಸಿ. ತಲೆಕೆಳಗಾಗಿ ಹಿಡಿಯದಂತೆ ನಟನಿಗೆ ಮೂಲೆಯಲ್ಲಿ ಸಣ್ಣ ಗುರುತು ಹಾಕಿಕೊಡಿ.

ಪ್ರತಿಯ ಬಗ್ಗೆಯೂ ಒಂದು ಮಾತು. ಸಾವಾದ ವರ್ಷ ಬಹಳ ಮನೆಗಳಲ್ಲಿ ಹಬ್ಬದ ಸಿಹಿ ಮಾಡುವುದಿಲ್ಲ. ಎಂಟು ತಿಂಗಳಿಗೆ ಹೋಳಿಗೆ ಹೇಗೆ ಬಂತು ಎಂದು ಪ್ರೇಕ್ಷಕರಲ್ಲಿ ಹೆಂಗಸರು ಮೊದಲು ಕೇಳುವ ಪ್ರಶ್ನೆ. ಪುಣೆಯ ಸೊಸೆ ಅಂಗಡಿಯಿಂದ ತಂದದ್ದು ಎಂದು ಮಾಡಿದರೆ ಅವ್ವ ಅದನ್ನು ಮುಟ್ಟದಿರುವುದೇ ಮೊದಲ ಜಗಳ.

ಪೆಟ್ಟು ಕಲಿಸುವವ

ಕಪಾಳಕ್ಕೆ ನಿಜವಾಗಿ ಹೊಡೆಯಬಾರದು. ಅಂಗೈ ಕಿವಿಯ ಮೇಲೆ ಬಿದ್ದರೆ ತಮಟೆ ಹರಿಯಬಹುದು. ಅಭಿನಯದ ಬಿಸಿಯಲ್ಲಿ ಕೈ ಎರಡು ಇಂಚು ಪಕ್ಕಕ್ಕೆ ಹೋಗುವುದು ಸಾಮಾನ್ಯ.

ಕ್ರಮ ಹೀಗೆ. ಇಬ್ಬರೂ ಎದ್ದು ನಿಂತಿರಬೇಕು, ಕೂತವನಿಗೆ ಹೊಡೆಯುವ ನಟನೆ ಬೇಡ. ತಮ್ಮನ ಬೆನ್ನು ಪ್ರೇಕ್ಷಕರಿಗೆ, ಅಣ್ಣನ ಮುಖ ಪ್ರೇಕ್ಷಕರಿಗೆ. ನಡುವೆ ಚಾಚಿದ ತೋಳಿಗಿಂತ ಒಂದು ಗೇಣು ಹೆಚ್ಚು ಅಂತರ. ಅಣ್ಣ ಕೈ ಎತ್ತಿ ಅರೆ ಕ್ಷಣ ನಿಲ್ಲಬೇಕು, ಕಣ್ಣು ಕೂಡಬೇಕು, ತಮ್ಮ ಕಣ್ಣಲ್ಲೇ ಒಪ್ಪಿಗೆ ಕೊಟ್ಟ ಮೇಲೆ ಕೈ ಬೀಸಬೇಕು. ಕೈ ಮುಖದ ಮುಂದಿನಿಂದ ಹಾದು ಹೋಗುತ್ತದೆ. ಅದೇ ಕ್ಷಣಕ್ಕೆ ತಮ್ಮ ತನ್ನ ಎದೆಯ ಮುಂದೆ ಎರಡೂ ಕೈ ತಟ್ಟುತ್ತಾನೆ, ಬೆನ್ನು ಮರೆ ಇರುವುದರಿಂದ ಕಾಣುವುದಿಲ್ಲ. ತಟ್ಟಿದ ಕೈಯೇ ಮೇಲೆ ಹೋಗಿ ಕೆನ್ನೆ ಹಿಡಿಯುತ್ತದೆ, ತಲೆ ಪಕ್ಕಕ್ಕೆ ತಿರುಗುತ್ತದೆ. ಮೊದಲು ಅರ್ಧ ವೇಗದಲ್ಲಿ ಕಲಿಯಿರಿ, ನಂತರ ಮುಕ್ಕಾಲು. ಪೂರ್ತಿ ವೇಗ ಕೊನೆಯ ತಾಲೀಮುಗಳಲ್ಲಿ ಮಾತ್ರ. ಪ್ರದರ್ಶನಕ್ಕೆ ಮುಂಚೆ ಪರದೆ ಮುಚ್ಚಿದಾಗ ಇಬ್ಬರೂ ಪ್ರತಿ ದಿನ ಒಮ್ಮೆ ಮಾಡಿಕೊಳ್ಳಲೇಬೇಕು.

ನಿಮ್ಮ ದೃಶ್ಯದಲ್ಲಿ ಒಂದು ಅನುಕೂಲ ಇದೆ. ಇಬ್ಬರದೂ ಎಂಜಲ ಕೈ. ತಮ್ಮ ಕೆನ್ನೆ ಹಿಡಿದಾಗ ಅವನದೇ ಕೈಯ ಭಜ್ಜಿ ಕೆನ್ನೆಗೆ ಮೆತ್ತುತ್ತದೆ, ಪ್ರೇಕ್ಷಕರಿಗೆ ಅದು ಅಣ್ಣನ ಕೈಯ ಗುರುತು. ಉಳಿದ ಆರು ನಿಮಿಷವೂ ಅವನು ಅದನ್ನು ಒರೆಸಿಕೊಳ್ಳದಿರಲಿ.

ಪ್ರಾಪರ್ಟಿ ಪೆಟ್ಟಿಗೆ

ಹಂಗಾದ್ರ ತಾಟು ಹಾರಿಸೋದು ಬಿಡ್ರಿ ಅಂತೀನಿ. ಪೆಟ್ಟೂ ಇದ್ದು ತಾಟೂ ಹಾರಿದ್ರ ಎರಡೂ ಹಗುರ ಆಗ್ತಾವ. ಹಾರಿಸಲೇಬೇಕಂದ್ರ ಖಾಲಿ ತಂಬಿಗಿ ಉರುಳಲಿ, ಹಿಂದಿನ ಗೋಡಿ ಕಡಿ, ಯಾರೂ ಇಲ್ಲದ ಜಾಗಕ್ಕ. ಭಜ್ಜಿ ನೆಲಕ್ಕ ಬಿದ್ರ ಬರಿಗಾಲಿಲೆ ಓಡಾಡೋ ವೈನಿ ಜಾರ್ತಾಳ.

ಪೆಟ್ಟು ಕಲಿಸುವವ

ಒಪ್ಪುವುದಿಲ್ಲ. ಪೆಟ್ಟು ಅಣ್ಣನದು, ತಾಟು ಬೇರೆಯವರದಾದರೆ ಎರಡೂ ನಿಲ್ಲುತ್ತವೆ. ತಾಟು ತಳ್ಳುವವಳು ಆಯಿ ಆಗಲಿ, ಎಸೆಯುವುದಲ್ಲ, ಕಟ್ಟೆಯಿಂದ ಮೆಲ್ಲಗೆ ಅಂಚಿಗೆ ಸರಿಸಿ ಬೀಳಿಸುವುದು. 18 ಇಂಚಿನಿಂದ ಬಿದ್ದ ಸ್ಟೀಲ್ ತಾಟಿನ ಸಪ್ಪಳ ಸಾಕು. ಒಳಗೆ ಒಣ ರೊಟ್ಟಿ ತುಂಡು ಮಾತ್ರ ಇದ್ದರೆ ಜಾರುವ ಭಯವೂ ಇಲ್ಲ.

ಪ್ರಾಪರ್ಟಿ ಪೆಟ್ಟಿಗೆ

ಆಯಿ ಸರಿಸೋದು ಛಲೋ ಅದ. ಕಟ್ಟಿ ಕೆಳಗ ಕಂಬಳಿ ಹಾಸಬ್ಯಾಡ್ರಿ ಮತ್ತ, ಅಲ್ಲಿ ಸಪ್ಪಳ ಬೇಕು.

ದನಿ, ಆಳಂದ

ಡಿಸೆಂಬರ್ ಚಳಿಯ ಕತೆಯನ್ನು ಮೇ ತಿಂಗಳಲ್ಲಿ ಆಡುತ್ತಿದ್ದೀರಿ. ರಂಗದ ಮೇಲೆ ಫ್ಯಾನ್ ತಿರುಗುವಂತಿಲ್ಲ, ಸಭಾಂಗಣದಲ್ಲಿ ತಿರುಗದೇ ಇರುವಂತಿಲ್ಲ. ಫ್ಯಾನು, ಕೂಲರ್ ಹಾಕಿಯೇ ಧ್ವನಿ ಪರೀಕ್ಷೆ ಮಾಡಿ, ಖಾಲಿ ಸಭಾಂಗಣದ ನಿಶ್ಶಬ್ದದಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ. ಆಯಿಗೆ ಉಣ್ಣೆ ಶಾಲು ಬದಲು ಅದೇ ಬಣ್ಣದ ತೆಳು ಹತ್ತಿ ಚಾದರ ಕೊಡಿ. ನೀರಿನ ತಂಬಿಗೆಯಲ್ಲಿ ನಿಜವಾದ ನೀರು ಇರಲಿ, ಮೊಮ್ಮಗಳು ಹಾಕಿದಾಗೆಲ್ಲ ನಟರು ಕುಡಿಯಲಿ.

ಪಡಸಾಲೆ ತಂಡ, ಕಲಬುರಗಿ

ಬಡಿಸುವ ಪಟ್ಟಿ ಇಂದಿನಿಂದ ಹಾಕುತ್ತೇವೆ, ಛಾಪಾ ಕಾಗದ ತೆಗೆದು ವಂಶವೃಕ್ಷ ಬರುತ್ತದೆ, ಆಯಿಯ ಪಾಲಿನ ಮಾತು ವೈನಿಗೆ. ಒಂದೇ ದಿನ ಎರಡು ಆಟ ಇದ್ದರೆ ಪ್ರಾಪರ್ಟಿ ಎಷ್ಟು ಜೋಡಿ ಬೇಕು?

ಪ್ರಾಪರ್ಟಿ ಪೆಟ್ಟಿಗೆ

ತಾಟು, ವಾಟಿ ಎರಡು ಜೋಡಿ, ನಡುವ ತೊಳಿಯಾಕ ಹೊತ್ತು ಇರಂಗಿಲ್ಲ. ಸಣ್ಣ ಮಗನ ಅಂಗಿ ಎರಡು. ವಂಶವೃಕ್ಷದ ಪ್ರತಿ ನಾಲ್ಕು, ಎಂಜಲ ಕೈ ಹತ್ತಿ ಹಾಳಾಗ್ತದ. ಭಜ್ಜಿ ಎರಡನೇ ಆಟಕ್ಕ ಹೊಸದಾಗೇ ಮಾಡ್ರಿ. ಪಕ್ಕದ ಮೇಜಿನ ಮ್ಯಾಲ ಟೇಪ್ ಹಚ್ಚಿ ಚೌಕ ಮಾಡಿ, ಒಂದೊಂದು ಚೌಕಕ್ಕ ಸಾಮಾನಿನ ಹೆಸರು ಬರೀರಿ. ಪರದಿ ಏಳೂಕಿಂತ ಮೊದಲ ಖಾಲಿ ಚೌಕ ಇದ್ರ ಏನು ಬಂದಿಲ್ಲ ಅಂತ ಕಂಡುಬಿಡ್ತದ.